ದಾಳಿಂಬೆಗೆ ಹೊಲಿದ ಅಂಗಿಗಳು

ಆ ಬೀದಿಯ ಟೈಲರನ್ನು ಎಲ್ಲರೂ ಕರೆಯುತ್ತಿದ್ದದ್ದು ‘ಸರಿಹೋಯ್ತು ಮಾಸ್ಟರ್’ ಎಂದು. ಹೊಲಿದ ಬಟ್ಟೆಯನ್ನು ಮಡಿಸಿ ಗಿರಾಕಿಯ ಕೈಗಿಡುವಾಗ ಅವನ ಬಾಯಿಂದ ಬರುತ್ತಿದ್ದ ಮಾತು ಒಂದೇ: “ನೀವು ಕೊಟ್ಟ ಬಟ್ಟೆ ಸರಿಹೋಯ್ತು, ಚೂರೂ ಉಳೀಲಿಲ್ಲ.” ಆಳೆತ್ತರದ ಗಂಡಸಿನ ಕೋಟಿಗೂ ಇದೇ ಮಾತು, ಅಷ್ಟೇ ಬಟ್ಟೆಯಲ್ಲಿ ಹೊಲಿದ ಕೈಗೂಸಿನ ಅಂಗಿಗೂ ಇದೇ ಮಾತು. ಕೇಳಿದವರು ಮೂಗು ಮುರಿಯುತ್ತಿದ್ದರೇ ಹೊರತು ಬೇರೆ ಟೈಲರ್ ಹತ್ತಿರ ಹೋಗುತ್ತಿರಲಿಲ್ಲ. ಅವನು ಹಚ್ಚಿದ ಕಾಲರ್ ವರ್ಷಗಟ್ಟಲೆ ಒಗೆದರೂ ಸೆಟೆದುಕೊಂಡೇ ನಿಲ್ಲುತ್ತಿತ್ತು, ಅದಕ್ಕೇನು ಮಾಡುವುದು?

ಬೀದಿಗೆ ಮುಖ ಮಾಡಿದ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಪಕ್ಕ ಹೊಲಿಗೆ ಮೆಷಿನ್ನು, ನಡುವೆ ಕಟಿಂಗ್ ಟೇಬಲ್ಲು, ಮೂಲೆಯಲ್ಲಿ ಕಾಜಾ ಹೊಲಿಯುತ್ತ ಗುಂಡಿ ಹಚ್ಚುತ್ತ ಕೂರುವ ಹೆಂಡತಿಯ ಸ್ಟೂಲು. ಕಟಿಂಗ್ ಟೇಬಲ್ಲಿನ ಸುತ್ತ ನೆಲ ಮುಟ್ಟುವಂತೆ ಒಂದು ಹಳೆಯ ಪರದೆ ಇಳಿಬಿಟ್ಟಿತ್ತು. ಅದರ ಹಿಂದೆ ಏನಿದೆ ಎಂದು ಯಾವ ಗಿರಾಕಿಯೂ ಕೇಳಿರಲಿಲ್ಲ, ಅವನಾಗಿಯೇ ಹೇಳುವ ಪೈಕಿಯೂ ಅಲ್ಲ. ಹೆಂಡತಿಗೆ ಮಾತ್ರ ಗೊತ್ತಿತ್ತು: ಅಲ್ಲಿ ಹೊಟ್ಟೆ ಉಬ್ಬಿದ ಮೂರು ಗೋಣಿಚೀಲಗಳಿದ್ದವು. ಉಳಿಯದೇ ಹೋದ ಚೂರುಗಳೆಲ್ಲ ಅವುಗಳೊಳಗೆ ಗಾಳಿ ಬೆಳಕು ಕಾಣದೆ ಸಂಸಾರ ಮಾಡಿಕೊಂಡಿದ್ದವು. ಅವನು ಅವನ್ನು ಮಾರಿದವನೂ ಅಲ್ಲ, ಯಾರಿಗಾದರೂ ಕೊಟ್ಟವನೂ ಅಲ್ಲ. ಬಟ್ಟೆ ಎಸೆಯಲು ಕೈ ಬರುತ್ತಿರಲಿಲ್ಲ, ಉಳಿದಿದೆ ಎಂದು ಹೇಳಲು ಬಾಯಿ ಬರುತ್ತಿರಲಿಲ್ಲ.

ಅಂಗಡಿಯ ಮೆಟ್ಟಿಲಿಗೂ ಗೇಟಿಗೂ ನಡುವೆ ಒಂದು ಮಂಚ ಹಾಕುವಷ್ಟು ಮಣ್ಣಿನ ಜಾಗವಿತ್ತು. ಅಲ್ಲಿತ್ತು ಆ ದಾಳಿಂಬೆ ಗಿಡ. ಗಿಡ ಎಂದರೆ ಗಿಡ, ಅದರಲ್ಲಿ ಎರಡು ಮಾತಿಲ್ಲ. ನೋಡಿದವರ ಕಣ್ಣು ತಣ್ಣಗಾಗುವಷ್ಟು ಹಸಿರು. ಹೂವು ಮಾತ್ರ ಕೇಳಬೇಡಿ. ನೆಟ್ಟು ಆರು ವರ್ಷವಾಗಿತ್ತು, ಹಣ್ಣಂತೂ ದೂರದ ಮಾತು, ಒಂದು ಮೊಗ್ಗಿಗೂ ಗತಿಯಿರಲಿಲ್ಲ.

ಅದು ಬೇರೆ ಯಾರ ಗಿಡವಾಗಿದ್ದರೂ ಮಾಸ್ಟರ್ ಎಂದೋ ಕಿತ್ತೆಸೆದು ಅಲ್ಲಿ ಬಟ್ಟೆ ಒಣಗಿಸುವ ಹಗ್ಗ ಕಟ್ಟುತ್ತಿದ್ದ. ಆದರೆ ಅದು ಅತ್ತೆ ಕೊಟ್ಟ ಕಡ್ಡಿ. ಆ ಅತ್ತೆ ಸಾಮಾನ್ಯದವರಲ್ಲ. ಊರಿನ ದೊಡ್ಡ ಬಟ್ಟೆ ಅಂಗಡಿಯಲ್ಲಿ ಕೂದಲು ನರೆಯುವ ತನಕ ಮೀಟರ್ ಕಡ್ಡಿ ಹಿಡಿದು ಬಟ್ಟೆ ಅಳೆದವರು. ಎಷ್ಟು ಕೇಳಿದರೂ ಅದರ ಮೇಲೆ ಎರಡು ಬೆರಳು ಹೆಚ್ಚಿಗೆ ಬಿಟ್ಟು ಕತ್ತರಿಸುವುದು ಅವರ ಪದ್ಧತಿ. ಅಂಗಡಿ ಮಾಲೀಕ ಹಲ್ಲು ಕಡಿಯುತ್ತಿದ್ದ, ಗಿರಾಕಿಗಳು ಮಾತ್ರ ಅವರ ಕೌಂಟರಿಗೇ ಮುಗಿಬೀಳುತ್ತಿದ್ದರು.

ಅಂಥವರಿಗೂ ಅಳಿಯನಿಗೂ ಮಾತು ಮುರಿದಿದ್ದು ಒಂದು ಗೌನಿನಿಂದ. ಮಾಸ್ಟರಿಗೆ ಮದುವೆಯಾದ ಹೊಸತು. ಹೆಂಡತಿಯ ತಂಗಿಯ ಮದುವೆ ಹತ್ತಿರ ಬಂದಿತ್ತು. ಅಕ್ಕ ತೊಡಲೆಂದು ತಾಯಿ ತಾವೇ ಅಳೆದು ಒಂದು ಬಟ್ಟೆ ತಂದರು: ಕೆನೆ ಬಣ್ಣದ ಮೇಲೆ ಪುಟ್ಟ ಪುಟ್ಟ ಕೆಂಪು ಹೂ. ಮುಂಗೈವರೆಗೂ ತುಂಬುತೋಳು ಇರಬೇಕೆಂದು ಹೆಂಡತಿಯ ಆಸೆ. ಗೌನು ತಯಾರಾಗಿ ಬಂದಾಗ ತೋಳು ಮೊಣಕೈಗೂ ಮುಟ್ಟಿರಲಿಲ್ಲ. “ಏನು ಮಾಡ್ಲಿ, ನಿಮ್ಮಮ್ಮ ಸ್ವಲ್ಪ ಕಮ್ಮಿ ಅಳೆದಿದಾರೆ, ಸಾಲಲಿಲ್ಲ” ಎಂದ ಮಾಸ್ಟರ್. ಹೆಂಡತಿ ಆ ಮಾತನ್ನು ಹೊತ್ತುಕೊಂಡು ಹೋಗಿ ಮದುವೆ ಮನೆಯಲ್ಲಿ, ನೆಂಟರಿಷ್ಟರ ಎದುರಿಗೇ, ತಾಯಿಯನ್ನು ಕೇಳಿಬಿಟ್ಟಳು. “ಕಮ್ಮಿನಾ? ಈ ಕೈಯಲ್ಲಾ?” ಎಂದರು ಅತ್ತೆ. ಆಮೇಲೆ ಅವರು ಅಳಿಯನ ಮನೆಯ ಹೊಸ್ತಿಲು ತುಳಿಯಲಿಲ್ಲ.

ಹದಿಮೂರು ವರ್ಷ ಉರುಳಿತು. ಎರಡು ಬೀದಿಯಾಚೆ ಮಗನ ಮನೆಯಲ್ಲಿದ್ದ ಅತ್ತೆಯನ್ನು ಮಗಳೇ ಹೋಗಿ ನೋಡಿ ಬರುತ್ತಿದ್ದಳು. ಹೋದಾಗಲೆಲ್ಲ ಕರೆಯುವಳು, ಅವರು ಮಾತು ಬದಲಾಯಿಸುವರು. ಕೊನೆಗೊಂದು ಸಲ ತಮ್ಮ ಹಿತ್ತಲ ದಾಳಿಂಬೆಯಿಂದ ಒಂದು ಕಡ್ಡಿ ಕತ್ತರಿಸಿ ಮಗಳ ಕೈಗಿತ್ತರು. “ತಗೊಂಡು ಹೋಗಿ ನಿನ್ನ ಗಂಡನಿಗೆ ಕೊಡು. ಇದು ಹಣ್ಣು ಬಿಟ್ಟ ದಿನ ನಿಮ್ಮನೆಗೆ ಬರ್ತೀನಿ. ನಾನು ಕೊಟ್ಟಿದ್ದು ಸಾಲಲ್ಲ ಅಂತ ಇದಕ್ಕೂ ಹೇಳ್ತಾರೇನೋ ನೋಡೋಣ.”

ಹೀಗಾಗಿ ಮಾಸ್ಟರಿಗೆ ಆ ಗಿಡ ಮಾನದ ಪ್ರಶ್ನೆ. ಹೆಂಡತಿಗೆ ಅದು ಬೇರೆಯೇ. ಎದುರು ಮನೆಯ ಟೀಚರಮ್ಮನ ತಾಯಿ ಬಂದು ಜಗಲಿಯ ಮೇಲೆ ಕಾಲು ಚಾಚಿ ಕೂತು ಮಗಳ ಕೂದಲು ಬಾಚುತ್ತಿದ್ದರೆ, ಇವಳು ಕಾಜಾ ಹೊಲಿಯುತ್ತ ಹೊಲಿಯುತ್ತ ಸೂಜಿ ನಿಲ್ಲಿಸಿ ನೋಡುತ್ತ ಕೂರುವಳು. ನನ್ನ ಮನೆಯಲ್ಲೂ ಅಮ್ಮ ಹೀಗೆ ಒಂದು ದಿನ ಕೂರಬೇಕು ಎಂಬ ಆಸೆ ಅವಳನ್ನು ಒಳಗೊಳಗೇ ತಿನ್ನುತ್ತಿತ್ತು. ಮಾಸ್ಟರಿಗೆ ಅದು ಕಾಣುತ್ತಿರಲಿಲ್ಲ ಎಂದಲ್ಲ. ಕಂಡಾಗಲೆಲ್ಲ ಮೆಷಿನ್ನನ್ನು ಜೋರಾಗಿ ತುಳಿಯುತ್ತಿದ್ದ.

ಏಳನೆಯ ವರ್ಷ ಅವನು ಸೋತು ನರ್ಸರಿಯವನನ್ನು ಕರೆತಂದ. ಅವನು ಬುಡದ ಮಣ್ಣನ್ನು ಬೆರಳಲ್ಲಿ ಚಿವುಟಿ ನೋಡಿ ಕೇಳಿದ, “ಇದಕ್ಕೆ ನೀರು ಹಾಕೋರು ಯಾರು?”

“ನಾನು” ಎಂದ ಗಂಡ. “ನಾನು” ಎಂದಳು ಹೆಂಡತಿ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎದುರು ಗೇಟಿನಿಂದ ಟೀಚರಮ್ಮ, “ನಾನೂ ಪಾಪ ಅಂತ ಸಂಜೆ ಹೊತ್ತು ಪೈಪ್ ಹಿಡೀತೀನಿ” ಎಂದರು.

“ಅದೇ ರೋಗ” ಎಂದ ನರ್ಸರಿಯವನು. “ಬಾಯಾರಿಕೆ ಅಂದ್ರೆ ಏನು ಅಂತಾನೇ ಗೊತ್ತಿಲ್ಲ ಇದಕ್ಕೆ. ಕೂತಲ್ಲಿಗೇ ಎಲ್ಲ ಬರ್ತಿದ್ರೆ ಹೂ ಬಿಡೋ ಕಷ್ಟ ಯಾಕೆ ತಗೊಳತ್ತೆ? ಎಲೆ ಹಳದಿಯಾಗಿ ಉದುರೋ ತನಕ ಒಂದು ಹನಿ ತೋರಿಸ್ಬೇಡಿ. ಆಮೇಲೆ ಕೊಂಬೆ ಸವರಿ, ಬುಡದ ಚಿಗುರು ತೆಗೆದು, ಗೊಬ್ಬರ ಕೊಟ್ಟು, ಅದಾದ್ಮೇಲೆ ನೀರು.”

ಹೇಳಿ ಹೋಗುವುದು ಸುಲಭ. ಆ ಬಿಸಿಲಿನಲ್ಲಿ ದಿನವೂ ಕಣ್ಣೆದುರಿಗೆ ಒಣಗುವ ಗಿಡವನ್ನು ನೋಡಿಕೊಂಡು ಕೂರುವುದು ಎಲ್ಲರಿಂದಲೂ ಆಗುವ ಕೆಲಸವಲ್ಲ. ಹಳದಿ ಎಲೆಗಳು ಒಂದೊಂದಾಗಿ ಅಂಗಡಿಯ ಮೆಟ್ಟಿಲ ಮೇಲೆ ಬೀಳತೊಡಗಿದವು. ಒಂದು ಮಧ್ಯಾಹ್ನ, ಗಂಡ ಮಲಗಿದ್ದಾನೆಂದುಕೊಂಡು, ಹೆಂಡತಿ ಸೆರಗಿನಡಿಯಲ್ಲಿ ಚೊಂಬು ಮುಚ್ಚಿಕೊಂಡು ಮೆತ್ತಗೆ ಹೊರಗೆ ಬಂದಳು. ಗಿಡದ ಆಚೆ ಬದಿ ಮಾಸ್ಟರ್ ಕುಕ್ಕರಗಾಲಿನಲ್ಲಿ ಕೂತಿದ್ದ. ಕೈಯಲ್ಲಿ ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿ.

“ಎಲೆ ಮೇಲೆ ಧೂಳು ಕೂತಿತ್ತು” ಎಂದ.

“ಎಲೆ ಎಲ್ಲಿದೆ?” ಎಂದಳು.

“ಚೊಂಬು ಯಾಕೆ?”

“ತೊಳೆಯೋಣ ಅಂತ.”

ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಕಾಯತೊಡಗಿದರು. ಇಬ್ಬರೂ ಸೇರಿ ಟೀಚರಮ್ಮನನ್ನು ಕಾಯುತ್ತಿದ್ದರು. ಗಿಡಕ್ಕೆ ಹೀಗೆ ಮೂರು ಕಡೆಯಿಂದಲೂ ನೀರು ನಿಂತಿತು.

ಕೊಂಬೆ ಸವರುವ ದಿನ ಮಾಸ್ಟರ್ ತನ್ನ ದೊಡ್ಡ ಕತ್ತರಿಗೆ ಎಣ್ಣೆ ಹಾಕಿದ. ಅಲ್ಲಿ ಮಾತ್ರ ಅವನಿಗೆ ಧೈರ್ಯ ಬಂದಿತ್ತು, ಎಷ್ಟಾದರೂ ಕತ್ತರಿಸುವ ಕೆಲಸ. ಕುತ್ತಿಗೆಯ ಸುತ್ತ ಕತ್ತರಿಸುವ ಹಾಗೆ ಮೇಲೆ ದುಂಡಗೆ, ಸೊಂಟದಲ್ಲಿ ಸ್ವಲ್ಪ ಒಳಗೆ, ಕೆಳಗೆ ಸಡಿಲ. ಒಣ ಕೊಂಬೆಗೆ ಆ ಕತ್ತರಿ ಎರಡು ಸಲ ಬಾಯಿ ಕಳೆದುಕೊಂಡಿತು, ಸಾಣೆ ಹಿಡಿಸಿಕೊಂಡು ಬಂದು ಮತ್ತೆ ಮುಂದುವರಿಸಿದ. ಕೆಲಸ ಮುಗಿದಾಗ ಗಿಡ ಯಾರದೋ ಅಳತೆಗೆ ಹೊಲಿದ ಹಾಗೆ ನಿಂತಿತ್ತು. ಗೊಬ್ಬರ ಕೊಟ್ಟು ನೀರು ಹಾಯಿಸಿದರು. ಕೆಂಪು ಚಿಗುರು ಬಂತು, ಚಿಗುರಿನ ತುದಿಯಲ್ಲಿ ಮೊಗ್ಗು ಬಂತು. ಗಂಡಹೆಂಡಿರು ಅಂಗಡಿ ಬಾಗಿಲು ತೆಗೆಯುವುದನ್ನೂ ಮರೆತು ಗಿಡದ ಮುಂದೆ ನಿಂತುಬಿಟ್ಟರು.

ಮೊದಲು ಅರಳಿದ ಹೂಗಳೆಲ್ಲ ಉದುರಿದವು. ಮಾಸ್ಟರ್ ಒಂದೊಂದನ್ನೂ ಆರಿಸಿ ತಂದು ಕಟಿಂಗ್ ಟೇಬಲ್ಲಿನ ಮೇಲೆ ಸಾಲಾಗಿ ಇಟ್ಟು ತಲೆಯ ಮೇಲೆ ಕೈ ಹೊತ್ತು ಕೂತ. ಮತ್ತೆ ನರ್ಸರಿಯವನು ಬರಬೇಕಾಯಿತು. “ಬುಡ ಸಣ್ಣಗಿರೋವು ಗಂಡು ಹೂ. ಚೆಂದ ಕಾಣತ್ತೆ, ಗಾಳೀಲಿ ಕುಣಿಯತ್ತೆ, ಉದುರತ್ತೆ, ಅಷ್ಟೇ ಅದರ ಕೆಲಸ. ಬುಡ ಹೂಜಿ ಥರ ದಪ್ಪಗಿರತ್ತಲ್ಲ, ಅದು ಕಾಯಿ ಕಟ್ಟತ್ತೆ” ಎಂದ. ಹೆಂಡತಿ ಗಂಡನ ಕಡೆ ಒಂದು ಸಲ ನೋಡಿದಳು.

ದಪ್ಪ ಬುಡದವು ಕಾಯಿ ಕಟ್ಟಿದವು. ನಿಂಬೆ ಗಾತ್ರಕ್ಕೆ ಬರುವಷ್ಟರಲ್ಲಿ ಎರಡರಲ್ಲಿ ಸೂಜಿಮೊನೆಯಷ್ಟು ತೂತು ಕಂಡಿತು, ವಾರದೊಳಗೆ ಕೊಳೆತು ಬಿದ್ದವು. ಒಂದು ಚಿಟ್ಟೆ ಬಂದು ಕಾಯಿಯ ಮೇಲೆ ಮೊಟ್ಟೆಯಿಡುತ್ತದೆ, ಹುಳು ಕೊರೆದು ಒಳಗೆ ಹೋಗುತ್ತದೆ, ಅದಕ್ಕೆ ಒಂದೊಂದು ಕಾಯಿಗೂ ಚೀಲ ಕಟ್ಟಬೇಕು ಎಂದು ನರ್ಸರಿಯವನು ಹೇಳಿದ. 

“ಪೇಪರ್ ಚೀಲ ಕಟ್ಟೋಣ” ಎಂದಳು ಹೆಂಡತಿ.

“ಪೇಪರ್ರಾ? ಟೈಲರ್ ಮನೆ ಗಿಡಕ್ಕೆ?” ಎಂದು ಮಾಸ್ಟರ್ ಪರದೆ ಸರಿಸಿ ಟೇಬಲ್ಲಿನ ಕೆಳಗೆ ತೂರಿದ.

“ರೀ, ಬೇಡ. ಗೇಟ್ ಹತ್ರ ಇರೋ ಗಿಡ. ನಾಲ್ಕು ಜನ ನೋಡ್ತಾರೆ.”

“ನೋಡ್ಲಿ. ಕಾಯಿ ನೋಡ್ತಾರೆ, ಚೀಲ ಯಾರು ನೋಡ್ತಾರೆ?”

ಜೀವನವಿಡೀ ಬಟ್ಟೆ ನೋಡುವವರ ನಡುವೆಯೇ ಬಾಳಿದ ಮನುಷ್ಯ ಈ ಮಾತು ಹೇಳಿದ ಎಂದರೆ, ಖುಷಿ ಅನ್ನುವುದು ಬುದ್ಧಿಯನ್ನು ಎಲ್ಲಿಗೆ ತೆಗೆದುಕೊಂಡು ಹೋಗುತ್ತದೆ ನೋಡಿ. ಅವನು ಟೇಪು ಹಿಡಿದು ಒಂದೊಂದು ಕಾಯಿಯ ಸುತ್ತಳತೆ ತೆಗೆದ. ಬೆಳೆಯುವ ಮಕ್ಕಳ ಯೂನಿಫಾರ್ಮಿಗೆ ಬಿಡುವ ಹಾಗೆ ಲೂಸ್ ಬಿಟ್ಟ. ಬಾಯಿಗೆ ಮಡಿಕೆ ಹೊಲಿದು ಲಾಡಿ ಹಾಕಿದ. ಗಾಳಿಯಾಡಲೆಂದು ಕೆಳಗಡೆ ಹೆಂಡತಿಯ ಕೈಯಲ್ಲಿ ಎರಡೆರಡು ಸಣ್ಣ ಕಾಜಾ ಹೊಲಿಸಿದ. ಸಂಜೆಯಾಗುವಷ್ಟರಲ್ಲಿ ಗಿಡದ ತುಂಬ ಗೆರೆಯ ಚೀಲ, ಚೌಕುಳಿ ಚೀಲ, ಹಡಗಿನ ಚಿತ್ರದ ಚೀಲ, ಚುಕ್ಕೆ ಚೀಲ. ಉಳಿದದ್ದು ಒಂದೇ ಕಾಯಿ, ಎಲ್ಲಕ್ಕಿಂತ ದೊಡ್ಡದು. ಅತ್ತೆಗೆಂದು ಅವನು ಮನಸ್ಸಿನಲ್ಲೇ ತೆಗೆದಿರಿಸಿದ್ದು ಅದನ್ನೇ.

ಅದರ ಅಳತೆಗೆ ಯಾವ ಚೂರೂ ಒದಗಲಿಲ್ಲ. ಮೂರೂ ಚೀಲ ಸುರಿದ. ಮೂರನೆಯದರ ತಳದಲ್ಲಿ, ದಾರ ಸುತ್ತಿ ಕಟ್ಟಿದ ಒಂದು ಗಂಟು ಕೈಗೆ ಸಿಕ್ಕಿತು. ಕೆನೆ ಬಣ್ಣ, ಕೆಂಪು ಹೂ.

ಅದೇ ಬಟ್ಟೆ. ಇಪ್ಪತ್ತು ವರ್ಷದ ಹಿಂದೆ ಅತ್ತೆ ಅಳೆದದ್ದು ಕಮ್ಮಿಯಾಗಿರಲಿಲ್ಲ. ಹೊಸ ಹೆಂಡತಿಯನ್ನು ಬೆರಗುಗೊಳಿಸಬೇಕೆಂಬ ಉಬ್ಬಿನಲ್ಲಿ ಮಾಸ್ಟರ್ ಬಟ್ಟೆಯನ್ನು ಹಾಸಿ, ಎರಡೂ ತುಂಬುತೋಳನ್ನು ಒಂದೇ ಮಗ್ಗುಲಿಗೆ ಗುರುತು ಹಾಕಿ ಕತ್ತರಿಸಿಬಿಟ್ಟಿದ್ದ. ಎರಡೂ ಎಡಗೈ. ಒಂದೇ ಕಡೆ ಹೂವಿನ ಅಚ್ಚಿದ್ದ ಬಟ್ಟೆ, ಒಂದನ್ನು ತಿರುಗಿಸಿ ಹಚ್ಚಿದರೆ ಮಾಸಲು ಮಗ್ಗುಲು ಹೊರಗೆ ಬರುತ್ತದೆ. ಕೆಲಸ ಕಲಿಯುವ ಹುಡುಗರು ಮಾಡುವ ತಪ್ಪು ಅದು. ಉಳಿದ ಬಟ್ಟೆಯಲ್ಲಿ ಗಿಡ್ಡ ತೋಳು ಹಚ್ಚಿ, ತಪ್ಪನ್ನು ಅತ್ತೆಯ ಮೀಟರ್ ಕಡ್ಡಿಯ ಮೇಲೆ ಹಾಕಿ ಕೈ ತೊಳೆದುಕೊಂಡ. ಆ ಒಂದು ಮಾತು ಒಂಟಿಯಾಗಿ ನಿಂತರೆ ಎದ್ದು ಕಾಣುತ್ತದೆಂದು, ಮುಂದಿನ ಗಿರಾಕಿಗೂ ಬಟ್ಟೆ ಉಳಿಯಲಿಲ್ಲ ಎಂದ, ಅದರ ಮುಂದಿನವರಿಗೂ ಅಂದ. ಹೀಗೆ ಶುರುವಾದದ್ದು ಸರಿಹೋಯ್ತು ಮಾಸ್ಟರಿನ ಸರಿಹೋಗುವಿಕೆ.

ಗಂಟನ್ನು ಮತ್ತೆ ಕಟ್ಟಿಡುತ್ತಿದ್ದನೇನೋ. ಆದರೆ ಕಿಟಕಿಯಾಚೆ ಆ ಹಾಳು ಚಿಟ್ಟೆ ದೊಡ್ಡ ಕಾಯಿಯನ್ನೇ ಸುತ್ತುತ್ತಿತ್ತು. ಮಾಸ್ಟರ್ ಒಂದು ತೋಳನ್ನು ತೆಗೆದ. ಕತ್ತರಿಸಲು ಮನಸ್ಸು ಬರಲಿಲ್ಲ, ಹಾಗೇ ಮಡಚಿ ಬದಿ ಹೊಲಿದ. ಹೂವಿನ ಮಗ್ಗುಲನ್ನು ಒಳಗೆ ಮಾಡಿ, ಮಾಸಲು ಮಗ್ಗುಲನ್ನು ಹೊರಗೆ ಬಿಟ್ಟ. ಹೊಲಿಗೆಯ ಅಂಚೆಲ್ಲ ಹೊರಗೆ ಕಾಣುತ್ತಿತ್ತು. ಟೈಲರನಾಗಿ ಅಂಥದ್ದೊಂದನ್ನು ತನ್ನ ಕೈಯಾರೆ ಕಟ್ಟಿ ಬಂದದ್ದಕ್ಕೆ ಅವನಿಗೆ ಅವತ್ತು ಊಟ ಸೇರಲಿಲ್ಲ.

ಮರುದಿನ ಬೆಳಗ್ಗೆ ಅಂಗಡಿ ಬಾಗಿಲು ತೆಗೆದಾಗ ಗೇಟಿನಾಚೆ ಟೀಚರಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. 

“ಮಾಸ್ಟ್ರೇ, ಆ ಹಡಗಿನ ಚಿತ್ರದ್ದು ಯಾರ ಬಟ್ಟೆ?”

“ಯಾವುದು? ಅದಾ? ಅದು ಹಳೇದು.”

“ನಮ್ಮ ಪರದೆ ಬಟ್ಟೆ ಅದು. ಅದರಲ್ಲಿ ಒಂದು ದಿಂಬಿನ ಕವರ್ ಆಗತ್ತಾ ಅಂತ ಕೇಳಿದ್ದಕ್ಕೆ ಚೂರೂ ಉಳೀಲಿಲ್ಲ ಅಂದ್ರಿ.”

“ಅಂಗಡೀಲಿ ಅಂಥ ಬಟ್ಟೆ ಎಷ್ಟೋ ಜನ ತಗೋತಾರೆ ಟೀಚರಮ್ಮ…”

“ಹಡಗಿನ ಕೆಳಗಡೆ ಬಣ್ಣ ಹರಡಿದೆ ನೋಡಿ. ಮೊದಲನೇ ಸಲ ಒಗೆದಾಗ ನಾನೇ ಹಾಳು ಮಾಡಿದ್ದು. ಒಗೆದು ಒಣಗಿಸಿ ನಿಮಗೆ ಕೊಟ್ಟಿದ್ದು.”

ಮಾಸ್ಟರ್ ನಾಲಿಗೆ ಕಚ್ಚಿಕೊಂಡ. ಅಷ್ಟರಲ್ಲಿ ಮೂಲೆಯ ಬೇಕರಿಯವಳು ಕೈಯಲ್ಲಿದ್ದ ಹಿಟ್ಟನ್ನೂ ತೊಳೆಯದೆ ಬಂದಳು. ಅವಳ ಏಪ್ರನ್ನಿನ ಚೌಕುಳಿ ಬಟ್ಟೆ ಒಂದಲ್ಲ, ಮೂರು ಕಾಯಿಗಳ ಮೇಲೆ ಮೆರೆಯುತ್ತಿತ್ತು. “ತಲೆಗೆ ಕಟ್ಟೋಕೆ ಒಂದು ಪಟ್ಟಿ ಕೊಡಿ ಅಂತ ಗೋಗರೆದೆನಲ್ಲ ಮಾಸ್ಟ್ರೇ! ನನ್ನ ತಲೆಗಿಲ್ಲದ್ದು ಕಾಯಿ ತಲೆಗೆ!” ಬಾಯಿಂದ ಬಾಯಿಗೆ ಹಬ್ಬಿ ಬೀದಿಗೆ ಬೀದಿಯೇ ಗೇಟಿನ ಮುಂದೆ ಸೇರಿತು. ಇದು ನಂದು, ಅದು ನಮ್ಮ ಯಜಮಾನ್ರ ಪ್ಯಾಂಟು, ಇದು ನಮ್ಮ ಪಾಪುದು. ಗುರುತಿಸುವ ಸಡಗರದಲ್ಲಿ ಕೆಲವರು ಬೈಯುವುದನ್ನೇ ಮರೆತರು. ಮಾಸ್ಟರ್ ಮೆಷಿನ್ನಿನ ಹಿಂದೆ ತಲೆ ತಗ್ಗಿಸಿ, ಖಾಲಿ ಬಾಬಿನ್ನಿಗೆ ದಾರ ಸುತ್ತುತ್ತ ಕೂತ.

ಕೊನೆಗೆ ಹೊರಗೆ ಬಂದವಳು ಹೆಂಡತಿ. “ಬಟ್ಟೆ ನಿಮ್ಮದು, ಅದರಲ್ಲಿ ಎರಡು ಮಾತಿಲ್ಲ” ಎಂದಳು. “ಒಳಗಡೆ ಇರೋದೂ ನಿಮ್ಮದೇ ಅನ್ಕೊಳ್ಳಿ. ಹಣ್ಣಾದಾಗ ಚೀಲದ ಸಮೇತ ತಗೊಂಡು ಹೋಗಿ.” ಆಮೇಲೆ ಗೇಟಿನ ಹತ್ತಿರದ ದೊಡ್ಡ ಕಾಯಿಗೆ ಕೈ ತೋರಿಸಿದಳು. “ಆ ಮಾಸಲು ಚೀಲ ಯಾರದ್ದಾದರೂ ಇದೆಯಾ?”

ಯಾರದ್ದೂ ಅಲ್ಲ. ಅಂಥ ಕಳಾಹೀನ ಬಟ್ಟೆ ತಮ್ಮದೆಂದು ಹೇಳಲು ಯಾರೂ ತಯಾರಿರಲಿಲ್ಲ.

“ಹಾಗಾದ್ರೆ ಅದೊಂದು ನಮ್ಮಮ್ಮನಿಗೆ” ಎಂದಳು ಹೆಂಡತಿ. ಬಾಬಿನ್ನು ಮಾಸ್ಟರಿನ ಕೈಯಿಂದ ಜಾರಿ ಕುರ್ಚಿಯ ಕೆಳಗೆ ಉರುಳಿತು.

ಅಲ್ಲಿಂದ ಮುಂದೆ ಆ ಗಿಡಕ್ಕೆ ಸಿಕ್ಕ ಕಾವಲು ಯಾವ ಖಜಾನೆಗೂ ಸಿಕ್ಕಿರಲಾರದು. ಬರುವವರು ಹೋಗುವವರೆಲ್ಲ ತಮ್ಮ ತಮ್ಮ ಕಾಯಿಯನ್ನು ಮೆಲ್ಲಗೆ ಎತ್ತಿ ತೂಕ ನೋಡಿ ಹೋಗುತ್ತಿದ್ದರು. ನಿಮ್ಮದು ಯಾಕೋ ಬಡವಾಗಿದೆ, ನಮ್ಮದು ನೋಡಿ ಎಂದು ಗೇಟಿನ ಮುಂದೆ ಪೈಪೋಟಿ. ಟೀಚರಮ್ಮನಿಗೆ ತಡೆಯಲಾಗಲಿಲ್ಲ. ಒಂದು ವಾರ ಬಿಸಿಲು ಕಾದು ಮಣ್ಣು ಒಣಗಿದ್ದಾಗ, ತಮ್ಮ ಹಡಗಿನ ಕಾಯಿ ಬೇಗ ದಪ್ಪವಾಗಲೆಂದು ಆ ಬದಿಗೆ ಬಕೆಟ್ಟುಗಟ್ಟಲೆ ನೀರು ಸುರಿದರು. ಒಣಗಿದ ಬುಡಕ್ಕೆ ಒಮ್ಮೆಲೇ ನೀರು ಬಿದ್ದರೆ ದಾಳಿಂಬೆ ಬಿರಿಯುತ್ತದೆ. ಬಿರಿಯಿತು, ಅದೂ ಅವರದೇ. “ಬಟ್ಟೆ ಹೋಯ್ತು, ಹಣ್ಣೂ ಹೋಯ್ತು” ಎಂದು ಅವರು ಬಿರಿದದ್ದನ್ನು ಜಗಲಿಯ ಮೇಲೆ ಕೂತು ತಿಂದರು. ರುಚಿ ಹೇಗಿದೆ ಎಂದು ಕೇಳಿದವರಿಗೆ, ಬಾಯಿ ತುಂಬಿದ್ದರಿಂದ, ಕೈಯಲ್ಲೇ ಚೆನ್ನಾಗಿದೆ ಎಂದು ಸನ್ನೆ ಮಾಡಿದರು.

ಮಾಸ್ಟರ್ ಮಾತ್ರ ದಿನದಿನಕ್ಕೆ ಸೊರಗಿದ. ಆ ಚೀಲವನ್ನು ಬದಲಾಯಿಸಬೇಕೆಂದು ಎಷ್ಟು ಸಲ ಗೇಟಿನ ಹತ್ತಿರ ಹೋದರೂ ಯಾರಾದರೊಬ್ಬರು ಕಾವಲಿಗಿದ್ದೇ ಇರುತ್ತಿದ್ದರು. “ಮಾಸ್ಟ್ರೇ, ಅತ್ತೆ ಕಾಯಿಗೆ ಕೈ ಹಾಕ್ಬೇಡಿ!” ಎಂದು ಕೂಗುತ್ತಿದ್ದರು. ಇರಲಿ, ಅತ್ತೆ ಬಂದ ದಿನ ಹಣ್ಣು ಕತ್ತರಿಸಿ, ಚೀಲ ಸರಕ್ಕನೆ ಎಳೆದು ಜೇಬಿಗೆ ತುರುಕಿಬಿಡೋಣ ಎಂದು ತೀರ್ಮಾನಿಸಿದ. ಮನೆಯಲ್ಲಿ ಯಾರೂ ಇಲ್ಲದಾಗ ಕರ್ಚೀಫು ಇಟ್ಟುಕೊಂಡು ಅಭ್ಯಾಸವನ್ನೂ ಮಾಡಿದ.

ಹಣ್ಣಾದವು. ತಟ್ಟಿದರೆ ಟಣ್ ಎನ್ನುತ್ತಿದ್ದವು. ಬೀದಿಯವರು ತಮ್ಮ ತಮ್ಮ ಚೀಲ ಹಿಡಿದು ನಗುತ್ತ ಮನೆಗೆ ಹೋದರು. ಆಮೇಲೆ ಅತ್ತೆ ಬಂದರು.

ಕೋಲೂರಿಕೊಂಡು ಬಂದವರು ಗೇಟಿನಲ್ಲಿ ನಿಂತರು. ಹೆಂಡತಿ ಓಡಿ ಹೋಗಿ ಕೈ ಹಿಡಿದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು, ಅದನ್ನು ಒರೆಸಿಕೊಳ್ಳುವ ಧ್ಯಾನವೂ ಇರಲಿಲ್ಲ. ಅತ್ತೆ ಗಿಡದ ಬುಡ ನೋಡಿದರು, ಕೊಂಬೆ ನೋಡಿದರು. “ಸವರಿದ್ದು ಚೆನ್ನಾಗಿದೆ. ಕೈ ಕೆಟ್ಟಿಲ್ಲ” ಎಂದರು. ಮಾಸ್ಟರ್ ಕತ್ತರಿ ಎತ್ತಿ ತೊಟ್ಟು ಕತ್ತರಿಸಿದ. ಇನ್ನೊಂದು ಕೈ ಲಾಡಿಯ ಮೇಲಿತ್ತು.

“ಬಿಚ್ಚಬೇಡಿ ರೀ” ಎಂದಳು ಹೆಂಡತಿ. “ಅಮ್ಮನೇ ಬಿಚ್ಚಲಿ.”

ಅತ್ತೆ ಗಿರಾಕಿಗಳ ಕುರ್ಚಿಯಲ್ಲಿ ಕೂತರು. ಮಡಿಲಲ್ಲಿ ಹಣ್ಣು. ಅವರ ಬೆರಳು ಹಣ್ಣಿನ ಮೇಲೆ ಆಡಲಿಲ್ಲ, ಬಟ್ಟೆಯ ಮೇಲೆ ಆಡಿತು. 

“ಇದೇನು ಅಳಿಯಂದ್ರೇ, ಒಳಗಿರಬೇಕಾದ ಹೊಲಿಗೆ ಹೊರಗೆ ಬಂದಿ‍ದೆ?”

“ಅವಸರದಲ್ಲಿ ಅತ್ತೆ…”

ಅವರು ಹಣ್ಣನ್ನು ತೆಗೆದು, ಅದರ ಮುಖವನ್ನೂ ನೋಡದೆ, ಮಗಳ ಕೈಗೆ ಕೊಟ್ಟರು. ಚೀಲದೊಳಗೆ ಎರಡು ಬೆರಳು ಹಾಕಿ ತಿರುವಿದರು. ಕೆನೆ ಬಣ್ಣ, ಕೆಂಪು ಹೂ.

ಹೆಂಡತಿ ಬಟ್ಟೆ ನೋಡಿದಳು, ಗಂಡನನ್ನು ನೋಡಿದಳು, ಒಳಗೆ ಹೋದಳು. ಟ್ರಂಕಿನ ಮುಚ್ಚಳ ತೆರೆದ ಸದ್ದು ಕೇಳಿಸಿತು. ಬಂದವಳ ಕೈಯಲ್ಲಿ ಆ ಗೌನಿತ್ತು. 

“ಇನ್ನೊಂದು ತೋಳು?” ಎಂದರು ಅತ್ತೆ.

ಮಾಸ್ಟರ್ ಟೇಬಲ್ಲಿನ ಕೆಳಗೆ ತೂರಿ ಇನ್ನೊಂದನ್ನು ತಂದು ಕೊಟ್ಟ. ಅತ್ತೆ ಚೀಲದ ಹೊಲಿಗೆ ಬಿಚ್ಚಿಸಿ, ಎರಡನ್ನೂ ಟೇಬಲ್ಲಿನ ಮೇಲೆ ಪಕ್ಕಪಕ್ಕದಲ್ಲಿ ಹಾಸಿ ಅಂಗೈಯಲ್ಲಿ ಸವರಿದರು. ಎರಡೂ ಒಂದೇ ಕಡೆಗೆ ಬಾಗಿದ್ದವು.

“ಎರಡೂ ಎಡಗೈ!” ಎಂದರು. ಮೊದಲು ಭುಜ ಕುಲುಕಿತು, ಆಮೇಲೆ ಕೋಲು ಕೆಳಗೆ ಬಿತ್ತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ನಾನು ಇಷ್ಟು ವರ್ಷ ಮೀಟರ್ ಕಡ್ಡೀನೇ ಸವೆದಿತ್ತೇನೋ ಅಂದ್ಕೊಂಡಿದ್ದೆ!”

ಹೆಂಡತಿ ನಗಲಿಲ್ಲ. “ಯಾಕ್ರೀ?” ಎಂದಳು.

“ಹೊಸದಾಗಿ ಮದುವೆ ಆಗಿತ್ತು” ಎಂದ ಮಾಸ್ಟರ್, ನೆಲ ನೋಡುತ್ತ. “ಗಂಡನಿಗೆ ತೋಳು ಕತ್ತರಿಸೋಕೂ ಬರಲ್ಲ ಅಂದ್ಕೋತೀಯ ಅಂತ ಹೆದರಿದೆ.”

“ಅದಕ್ಕೆ ನಮ್ಮಮ್ಮನಿಗೆ ಅಳೆಯೋಕೆ ಬರಲ್ಲ ಅಂತ ಮಾಡಿದ್ರಾ? ಅಷ್ಟು ಜನರ ಮುಂದೆ ಅಮ್ಮನ್ನ ಕೇಳಿದ್ದು ನಾನು. ಇಪ್ಪತ್ತು ವರ್ಷ ಅಮ್ಮ ಈ ಮನೆಗೆ ಬರಲಿಲ್ಲ ರೀ.”

ತಪ್ಪಾಯಿತು ಎಂದ ಮಾಸ್ಟರ್. ಅಷ್ಟು ದೊಡ್ಡದಕ್ಕೆ ಅಷ್ಟು ಸಣ್ಣ ಮಾತು ಎಂದು ಅವನಿಗೇ ಅನ್ನಿಸಿತು.

ಹೆಂಡತಿ ಗೌನನ್ನು ಮೆಷಿನ್ನಿನ ಮೇಲೆ ಇಟ್ಟಳು. “ಹಚ್ಚಿ.”

“ಒಂದು ತೋಳು ಉಲ್ಟಾ ಬರತ್ತೆ ಕಣೇ. ಬಲಗೈಗೆ ಮಾಸಲು ಮಗ್ಗುಲು ಹೊರಗಾಗತ್ತೆ.”

“ಆಗ್ಲಿ. ಬೀದೀಲಿ ಹಾಕ್ಕೊಂಡು ಓಡಾಡ್ತೀನಿ. ಯಾರು ಹೊಲಿದಿದ್ದು ಅಂತ ಕೇಳಿದ್ರೆ ಹೇಳ್ತೀನಿ.”

ಮಾಸ್ಟರ್ ಕೂತ. ಈಗಿನ ಮೈಗೆ ಹಳೆಯ ಗೌನು ಬಿಗಿಯಾಗುತ್ತದೆಂದು ಬದಿಯ ಹೊಲಿಗೆ ಬಿಚ್ಚಿದಾಗ ಒಳಗಿನಿಂದ ಅಂಗೈ ಅಗಲದ ಬಟ್ಟೆ ಹೊರಬಂತು. ಅವಳು ಮುಂದೆ ದಪ್ಪಗಾದರೂ ಆಗಲಿ ಎಂದು ಅವತ್ತು ಬಿಟ್ಟಿದ್ದದ್ದು. “ಸಾಲಲಿಲ್ಲ ಅಂದವರು ಒಳಗೆ ಇಷ್ಟು ಬಿಟ್ಟಿದೀರಲ್ಲ!” ಎಂದರು ಅತ್ತೆ. ಹೆಂಡತಿ ಆ ಮಡಿಕೆಯನ್ನು ನೋಡಿದಳು. ಮುಖ ಸ್ವಲ್ಪ ಸಡಿಲವಾಯಿತು, ಆದರೂ ಅದನ್ನು ಗಂಡನಿಗೆ ತೋರಿಸಲಿಲ್ಲ.

ತಾಯಿ ಮಗಳು ಜಗಲಿಗೆ ಹೋಗಿ ಕೂತು ದಾಳಿಂಬೆ ಒಡೆದರು. ಅತ್ತೆ ಕಾಲು ಚಾಚಿದರು. ಒಂದೊಂದೇ ಕಾಳು ಬಾಯಿಗೆ ಹಾಕಿಕೊಳ್ಳುತ್ತ, ಅದರ ಸಿಹಿ ತಮ್ಮ ಹಿತ್ತಲ ಗಿಡದ್ದಕ್ಕಿಂತ ಒಂದು ಗುಲಗಂಜಿ ಕಮ್ಮಿಯೋ ಹೆಚ್ಚೋ ಎಂದು ವಾದ ಮಾಡಿದರು. ಒಳಗೆ ಮೆಷಿನ್ನು ನಡೆಯುತ್ತಲೇ ಇತ್ತು. ಅವನಿಗೆ ಯಾರೂ ಒಂದು ಕಾಳನ್ನೂ ಕೊಡಲಿಲ್ಲ.

ಮುಗಿದಾಗ ಹೆಂಡತಿ ಗೌನು ತೊಟ್ಟು ಹೊರಬಂದಳು. ಎಡಗೈ ತುಂಬ ಹೂ, ಬಲಗೈ ಬೂದಿ ಮಾಸಲು. ತೋಳುಗಳು ಮುಂಗೈಗೆ ಸರಿಯಾಗಿ ಬಂದು ನಿಂತಿದ್ದವು. ಗೇಟಿನಾಚೆ ಟೀಚರಮ್ಮ ಆಗಲೇ ಬೇಕರಿಯವಳನ್ನು ಕೂಗುತ್ತಿದ್ದರು.

“ಬಟ್ಟೆ ಎಷ್ಟು ಉಳೀತು ಅಳಿಯಂದ್ರೇ?” ಎಂದರು ಅತ್ತೆ.

“ಸರಿಹೋ…” ಎಂದ ಮಾಸ್ಟರ್, ಅಭ್ಯಾಸ ಬಲದಿಂದ. ಅಲ್ಲೇ ನಿಲ್ಲಿಸಿದ. ಒಳಗೆ ಹೋಗಿ, ತೋಳಿನ ಅಂಚಿನಿಂದ ಕತ್ತರಿಸಿದ್ದ ಉದ್ದನೆಯ ಪಟ್ಟಿಯನ್ನು ತಂದು ಅತ್ತೆಯ ಮಡಿಲಲ್ಲಿ ಇಟ್ಟ. “ಇಷ್ಟು ಉಳೀತು ಅತ್ತೆ” ಎಂದ. ಇಪ್ಪತ್ತು ವರ್ಷದಲ್ಲಿ ಅವನು ಆ ಮಾತು ಆಡಿದ್ದು ಅದೇ ಮೊದಲು.

ಅತ್ತೆ ಪಟ್ಟಿಯನ್ನು ಎತ್ತಿ, ಅದರ ಅಗಲಕ್ಕೆ ತಮ್ಮ ಎರಡು ಬೆರಳು ಜೋಡಿಸಿ ಇಟ್ಟು ನೋಡಿದರು. ಸರಿಯಾಗಿ ಎರಡು ಬೆರಳು.

“ಅದನ್ನೇ ನಾನು ಅವತ್ತಿಂದ ಹೇಳ್ತಿರೋದು” ಎಂದರು. 

ಹೆಂಡತಿ ಮಾಸಲು ತೋಳಿನ ಕೈಯಿಂದ ದಾಳಿಂಬೆಯ ಬಟ್ಟಲನ್ನು ಗಂಡನ ಕಡೆಗೆ ತಳ್ಳಿದಳು.